ಎರಡು ಟಿ.ವಿ.ಗಳ ನಡುವೆ ನಮ್ಮ ಕಾಕಾ

ತನ್ನದೊಂದು ಮದುವೆಯನ್ನು ಬಿಟ್ಟರೆ, ಸಿಂಧನೂರು, ಲಿಂಗಸೂಗೂರು, ಮಸ್ಕಿ ಸೀಮೆಯ ಅಷ್ಟೂ ಮದುವೆಗಳನ್ನು ನಮ್ಮ ಕಾಕಾ ಎರಡೆರಡು ಸಲ ನೋಡಿದ್ದಾನೆ. ಅದೂ ಒಂದಾದ ಮೇಲೆ ಒಂದಲ್ಲ. ಎಡಗಣ್ಣಿನಿಂದ ಒಂದು, ಬಲಗಣ್ಣಿನಿಂದ ಒಂದು, ಎರಡನ್ನೂ ಒಟ್ಟಿಗೇ! ನಂಬುವುದಿಲ್ಲವೇ? ನಾನೂ ಏನನ್ನೂ ಸುಲಭವಾಗಿ ನಂಬುವ ಪೈಕಿಯವಳಲ್ಲ. ಸಿಂಧನೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಎಂದರೆ ಚೀಟಿಯಲ್ಲಿ ಯಾವ ಕಡೆ ಬಂತೋ ಆ ಕಡೆ ನಿಂತು ಮಾತಾಡಿದವಳು. ದೇವರಿದ್ದಾನೆ ಎಂದು ಬೆಳಿಗ್ಗೆ ಗೆದ್ದು, ಇಲ್ಲ ಎಂದು ಮಧ್ಯಾಹ್ನ ಗೆದ್ದವಳು. ಅಂಥ ನನಗೇ ಈ ಕಾಕಾನ ವಿಷಯದಲ್ಲಿ ಯಾವ ಕಡೆ ನಿಲ್ಲಬೇಕೆಂಬುದು ಇನ್ನೂ ತಿಳಿದಿಲ್ಲ.

ಕಾಕಾನ ಅಂಗಡಿ ಇರುವುದು ಮಸ್ಕಿಯಲ್ಲಿ. ಒಂದು ಕಾಲಕ್ಕೆ ಹೆಗಲ ಮೇಲೆ ಕ್ಯಾಮೆರಾ, ಹಿಂದೆ ಕಣ್ಣು ಕುಕ್ಕುವ ಲೈಟು, ಅದರ ಹಿಂದೆ ಎಳೆದಷ್ಟೂ ಮುಗಿಯದ ವೈರು, ಹೀಗೆ ಮೆರವಣಿಗೆಯಂತೆ ಮದುವೆಗಳಿಗೆ ಹೋಗುತ್ತಿದ್ದ. ಈಗ ಮದುವೆಯ ಹೆಣ್ಣೇ ಮೊಬೈಲು ಹಿಡಿದು ತನ್ನ ಮದುವೆಯನ್ನು ತಾನೇ ತೆಗೆದುಕೊಳ್ಳುವ ಕಾಲ! ಕ್ಯಾಮೆರಾ ಕಪಾಟು ಸೇರಿತು. ಆದರೆ ಮಂದಿಯ ಮನೆಯ ಟ್ರಂಕುಗಳಲ್ಲಿ, ರೇಷ್ಮೆ ಸೀರೆಗಳ ಮಡಿಕೆಯೊಳಗೆ ಹಳೆಯ ಸಿಡಿ, ಡಿವಿಡಿಗಳು ಉಳಿದುಬಿಟ್ಟಿವೆ. ಅವನ್ನು ನೋಡೋಣವೆಂದರೆ ಯಾರ ಮನೆಯಲ್ಲೂ ಪ್ಲೇಯರಿಲ್ಲ. ಹಾಗಾಗಿ ಪೆನ್‌ಡ್ರೈವಿಗೆ ಹಾಕಿಕೊಡಿ ಎಂದು ಕಾಕಾನ ಹತ್ತಿರ ಬರುತ್ತಾರೆ.

ಬೇರೆ ಅಂಗಡಿಗಳಲ್ಲಿ ಈ ಕೆಲಸ ಹೇಗೆ? ಸಿಡಿಯನ್ನು ಕಂಪ್ಯೂಟರಿನ ಬಾಯಿಗೆ ತಳ್ಳುತ್ತಾರೆ, ಚಹಾ ಕುಡಿದು ಬರುತ್ತಾರೆ, ಅಷ್ಟರಲ್ಲಿ ಕಾಪಿ ಆಗಿರುತ್ತದೆ, ಕೈಗೆ ಕೊಟ್ಟು ಕಳಿಸುತ್ತಾರೆ. ನಮ್ಮ ಕಾಕಾನಲ್ಲಿ ಕಾಪಿ ಆದ ಮೇಲೆಯೇ ಕೆಲಸ ಶುರು! ಅಂಗಡಿಯ ಮೇಜಿನ ಮೇಲೆ ಎರಡು ಟಿ.ವಿ.ಗಳನ್ನು ಒತ್ತಟ್ಟಿಗೆ ಇಟ್ಟಿದ್ದಾನೆ. ಎಡಗಡೆಯದರಲ್ಲಿ ಹಳೆಯ ಪ್ಲೇಯರಿನಿಂದ ಓಡುವ ಅಸಲು ಸಿಡಿ, ಬಲಗಡೆಯದರಲ್ಲಿ ಕಾಪಿಯಾದ ಫೈಲು. ಎರಡು ಕೈಯಲ್ಲಿ ಎರಡು ರಿಮೋಟು ಹಿಡಿದು, ಉಸಿರು ಬಿಗಿಹಿಡಿದು, ಎರಡನ್ನೂ ಒಂದೇ ಕ್ಷಣಕ್ಕೆ ಒತ್ತುತ್ತಾನೆ. ಆಮೇಲೆ ಗಣಪತಿಯ ಚಿತ್ರದಿಂದ ಹಿಡಿದು ಹೆಣ್ಣು ಗಂಡನ ಮನೆಯ ಹೊಸ್ತಿಲು ದಾಟುವವರೆಗೆ ಕುಂತಲ್ಲಿಂದ ಏಳುವುದಿಲ್ಲ. ಎಡಗಡೆಯ ಮದುಮಗಳು ಕಣ್ಣು ಮಿಟುಕಿಸಿ ಬಲಗಡೆಯವಳು ಮಿಟುಕಿಸಲಿಲ್ಲವೋ, ಮುಗಿಯಿತು, ಮೊದಲಿನಿಂದ ಮತ್ತೆ ಕಾಪಿ! ಗಿರಾಕಿಯೂ ಪಕ್ಕದಲ್ಲಿ ಕೂತು ನೋಡಲೇಬೇಕು. ಲಿಂಗಸೂಗೂರಿನಿಂದ ಬಂದ ಎಷ್ಟೋ ಗಂಡಂದಿರು ಮದುವೆಯ ದಿನ ಕೂಡ ಇಷ್ಟು ಹೊತ್ತು ಕೂತಿರಲಿಲ್ಲ ಎಂದು ಗೊಣಗುತ್ತಾ ಬಸ್ಸು ತಪ್ಪಿಸಿಕೊಂಡಿದ್ದಾರೆ.

ಇಂಥದ್ದನ್ನು ಕಂಡು ನಾನು ಸುಮ್ಮನಿರುವುದುಂಟೇ? ರಜೆಗೆ ಹೋದವಳು ಮೊದಲ ದಿನವೇ ವಿಷಯ ಮಂಡಿಸಿದೆ. ಅಸಲಿಗೂ ಕಾಪಿಗೂ ಒಂದೊಂದು ಉದ್ದನೆಯ ಸಂಖ್ಯೆ ಲೆಕ್ಕ ಹಾಕಿಕೊಡುವ ಪುಕ್ಕಟೆ ಸಾಫ್ಟ್‌ವೇರ್ ಇದೆ, ಎರಡೂ ಸಂಖ್ಯೆ ಒಂದೇ ಆದರೆ ಫೈಲೂ ಒಂದೇ, ಒಂದು ಚುಕ್ಕೆ ಹೆಚ್ಚುಕಡಿಮೆಯಾದರೂ ಸಂಖ್ಯೆ ಬೇರೆಯೇ ಬರುತ್ತದೆ ಎಂದು ತೋರಿಸಿದೆ. ಕಾಕಾ ಆ ಸಂಖ್ಯೆಯನ್ನು ಕನ್ನಡಕ ಮೇಲೇರಿಸಿ, ಕೆಳಗಿಳಿಸಿ ನೋಡಿದ.

"ಇದರಾಗ ಮದುಮಗಳು ಎಲ್ಲಿ ಅದಾಳವಾ?"

ಮದುಮಗಳು ಇರುವುದಿಲ್ಲ, ಇದು ಬರೀ ಗುರುತು ಎಂದೆ. ಹಾಗಾದರೆ ಆಕೆಯನ್ನು ತಾನೇ ನೋಡಬೇಕಾಯಿತಲ್ಲ ಎಂದು ಮತ್ತೆ ಎರಡು ರಿಮೋಟು ಎತ್ತಿಕೊಂಡ. ಸರಿ, ಕಣ್ಣಿಂದಲೇ ನೋಡುವುದಾದರೆ ಪೂರ್ತಿ ಯಾಕೆ, ಅಲ್ಲಲ್ಲಿ ನೋಡಿದರೆ ಸಾಲದೇ ಎಂದು ಎರಡನೆಯ ವಾದ ಹೂಡಿದೆ. ಅದಕ್ಕೆ ಅವನು ಟಿ.ವಿ.ಯಿಂದ ಕಣ್ಣು ತೆಗೆಯದೆ ಹೇಳಿದ್ದು ಇಷ್ಟು: "ನೀ ಬಿಟ್ಟ ಜಾಗದಾಗ ಯಾರದರೆ ಅವ್ವ ನಿಂತಿರ್ತಾಳ."

ಇದು ತರ್ಕವೇ? ಅಲ್ಲ! ಭಾವನೆಗೆ ಮೊರೆಹೋಗುವ ಹಳೆಯ ಉಪಾಯ. ತೀರ್ಪುಗಾರರು ಇದ್ದಿದ್ದರೆ ಅಂಕ ಕಳೆಯುತ್ತಿದ್ದರು. ದುರದೃಷ್ಟಕ್ಕೆ ಅಂಗಡಿಯಲ್ಲಿ ತೀರ್ಪುಗಾರರಾಗಿ ಕೂತಿದ್ದವಳು ನಮ್ಮ ಕಾಕಿ. ಆಕೆ ಇಬ್ಬರಿಗೂ ಸೋಲು ಕೊಟ್ಟು, ಊಟಕ್ಕೆ ಎಬ್ಬಿಸಿದಳು.

ನಾನು ಗೆದ್ದ ಪ್ರಸಂಗವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಒಂದು ಮದುವೆಯಲ್ಲಿ ಎಡಗಡೆಯ ಟಿ.ವಿ.ಯ ಮದುಮಗಳು ಹಸಿರು ಸೀರೆ ಉಟ್ಟಿದ್ದಳು, ಬಲಗಡೆಯವಳು ನೀಲಿ. ಕಾಕಾ ಕಾಪಿ ಅಳಿಸಿದ, ಮತ್ತೆ ಮಾಡಿದ. ಮತ್ತೆ ನೀಲಿ. ಮತ್ತೆ ಅಳಿಸಿದ. ಸಿಡಿಯನ್ನು ಮೆತ್ತನೆಯ ಹಳೆಯ ಧೋತರದಿಂದ ನಡುವಿನಿಂದ ಅಂಚಿಗೆ ಒರೆಸಿದ, ಊದಿದ, ಬೆಳಕಿಗೆ ಹಿಡಿದ, ನಿಟ್ಟುಸಿರು ಬಿಟ್ಟ. ಆ ಸೀರೆ ಯಾವ ಬಣ್ಣದ್ದು ಎಂದು ಗಿರಾಕಿಯನ್ನೇ ಕೇಳಿದರೆ, ಆ ಪುಣ್ಯಾತ್ಮ ತನ್ನ ಹೆಂಡತಿಯ ಧಾರೆ ಸೀರೆಯ ಬಣ್ಣ ಗೊತ್ತಿಲ್ಲದೆ ಬೆವರತೊಡಗಿದ. ನಾನು ಎದ್ದು ಎರಡೂ ಟಿ.ವಿ.ಗಳ ವೈರುಗಳನ್ನು ಅದಲುಬದಲು ಮಾಡಿದೆ. ಈಗ ಎಡಕ್ಕೆ ಬಂದ ಕಾಪಿ ಹಸಿರಾಯಿತು, ಬಲಕ್ಕೆ ಹೋದ ಅಸಲು ನೀಲಿಯಾಯಿತು! ದೋಷ ಟಿ.ವಿ.ಯದು, ಕಾಪಿಯದಲ್ಲ. ನಾನು ಗೆದ್ದ ನಗೆ ನಕ್ಕೆ. ಕಾಕಾ ಟಿ.ವಿ.ಯನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ, ಇಷ್ಟು ದಿನ ಇದು ಎಷ್ಟು ಮಂದಿಯ ಸೀರೆ ಬದಲು ಮಾಡಿತ್ತೋ ಎಂದು ತಲೆಯ ಮೇಲೆ ಕೈಹೊತ್ತು ಕೂತ. ಹಳೆಯ ಗಿರಾಕಿಗಳನ್ನೆಲ್ಲ ಮತ್ತೆ ಕರೆಸುತ್ತೇನೆ ಎಂದು ಎದ್ದವನನ್ನು ಕಾಕಿ ಬಾಗಿಲಲ್ಲಿ ತಡೆದಳು.

ಈ ಹುಚ್ಚು ಅಂಗಡಿಯೊಳಗೇ ಇದ್ದಿದ್ದರೆ ಒಂದು ತೆರನಾಗಿತ್ತು. ಝೆರಾಕ್ಸ್ ಅಂಗಡಿಗೆ ಹೋದರೂ ಅಸಲನ್ನು ಎಡಗೈಯಲ್ಲಿ, ನಕಲನ್ನು ಬಲಗೈಯಲ್ಲಿ ಹಿಡಿದು ಒಂದೊಂದೇ ಅಕ್ಷರ ತಾಳೆ ನೋಡುತ್ತಾನೆ, ಹಿಂದೆ ಪಾಳಿ ಬಸ್ ಸ್ಟ್ಯಾಂಡಿನವರೆಗೆ ಬೆಳೆಯುತ್ತದೆ. ಒಮ್ಮೆ ಗುರುತಿನ ಚೀಟಿಯ ನಕಲು ನೋಡಿ, ಈ ಫೋಟೊದಲ್ಲಿರುವವನು ನಾನಲ್ಲ ಎಂದು ತಗಾದೆ ತೆಗೆದನಂತೆ. ಅಂಗಡಿಯವನು ಅಸಲನ್ನು ಇಸಿದುಕೊಂಡು ನೋಡಿ, ಕೈಮುಗಿದು ಹೇಳಿದನಂತೆ: "ಇದರಾಗೂ ನೀವಲ್ರಿ ಯಜಮಾನ್ರ, ನಕಲು ಬರೋಬ್ಬರಿ ಐತಿ."

ಮುಕ್ಕುಂದದ ಖಾದರ್ ಸಾಬರದು ಇನ್ನೊಂದು ಕಥೆ. ಭತ್ತದ ಗದ್ದೆಗೆ ಹಕ್ಕಿ ಬರದಿರಲೆಂದು ಮನೆಯಲ್ಲಿದ್ದ ಸಿಡಿಗಳನ್ನೆಲ್ಲ ದಾರ ಕಟ್ಟಿ ತೂಗುಹಾಕಿದ್ದರು. ಸುಗ್ಗಿ ಮುಗಿದ ಮೇಲೆ ಬೇಗಂಗೆ ತನ್ನ ನಿಕಾಹ್‌ನ ಸಿಡಿ ನೆನಪಾಯಿತು! ಗದ್ದೆಯಿಂದ ಬಿಚ್ಚಿ ತಂದ ಸಿಡಿಗಳ ಮಾಲೆಯನ್ನೇ ಸಾಬರು ಮೇಜಿನ ಮೇಲಿಟ್ಟರು. ಯಾವುದು ನಿಕಾಹ್, ಯಾವುದು ಸಿನಿಮಾ ಹಾಡು, ಬಿಸಿಲಿಗೆ ಹೆಸರು ಹಾರಿಹೋಗಿ ಒಂದೂ ತಿಳಿಯದು. ಕಾಕಾ ಒಂದೊಂದನ್ನೇ ಒರೆಸಿ ಹಾಕಿ ನೋಡುತ್ತಾ, ಹಕ್ಕಿ ಬಂದವೋ ಇಲ್ಲವೋ ಎಂದು ಕೇಳಿದ.

"ನೈ ಭಾಯಿ, ಒಂದೂ ಬರ್ಲಿಲ್ಲ."

"ಹಂಗಾದ್ರ ಹಕ್ಕಿ ಅಂಜಿದ್ದು ನಿಮ್ಮ ನಿಕಾಹ್ ನೋಡೇ ಇರಬೇಕು ಬಿಡ್ರಿ," ಎಂದು ಕಾಕಾ ಮಾಲೆಯ ನಟ್ಟನಡುವಿನ, ಅತಿ ಹೆಚ್ಚು ಮಾಸಿದ ಸಿಡಿಯನ್ನು ಎತ್ತಿದ. ಅದೇ ಆಗಿತ್ತು! ಸಾಬರು ನಕ್ಕು ನಕ್ಕು ಕೆಮ್ಮಿದರು. ಪ್ಲೇಯರು ಅದನ್ನು ಅರ್ಧ ಓದಿತು, ಇನ್ನರ್ಧ ಬಿಸಿಲಿಗೆ ಹೋಗಿತ್ತು. ಆ ಅರ್ಧವನ್ನೇ ಇಬ್ಬರೂ ಎರಡು ಟಿ.ವಿ.ಯಲ್ಲಿ ಪೂರ್ತಿ ನೋಡಿದರು.

ಹೀಗೆ ನೋಡಿ ನೋಡಿ ಕಾಕಾನಿಗೆ ಸುತ್ತಲಿನ ಊರುಗಳ ಮುಖಗಳೆಲ್ಲ ಬಾಯಿಪಾಠ. ಸಂತೆಯಲ್ಲಿ ಗುರುತು ಪರಿಚಯವಿಲ್ಲದವರನ್ನು ನಿಲ್ಲಿಸಿ, ನಿಮ್ಮ ತಂಗಿಯ ಮದುವೆಯಲ್ಲಿ ಲಾಡು ಜೇಬಿಗೆ ಹಾಕಿಕೊಂಡವರು ನೀವೇ ಅಲ್ಲವೇ ಎಂದು ಪ್ರೀತಿಯಿಂದ ಕೇಳುತ್ತಾನೆ. ಕಾಕಿ ಅವನ ಜೊತೆ ಸಂತೆಗೆ ಹೋಗುವುದನ್ನು ಬಿಟ್ಟು ಬಹಳ ಕಾಲವಾಯಿತು.

ಈಗ ಅಮರಪ್ಪನವರ ವಿಷಯಕ್ಕೆ ಬರುತ್ತೇನೆ. ಹೋದ ಬೇಸಿಗೆಯಲ್ಲಿ, ನಾನು ಅಂಗಡಿಯಲ್ಲಿದ್ದಾಗಲೇ ಅವರು ಲಿಂಗಸೂಗೂರಿನಿಂದ ಬಂದರು. ಚೀಲದಿಂದ ಒಂದು ಡಿವಿಡಿಯನ್ನು, ಮೊಟ್ಟೆ ತೆಗೆದಂತೆ, ಎರಡೂ ಕೈಯಲ್ಲಿ ತೆಗೆದರು. ಅವರ ದೊಡ್ಡ ಮಗಳ ಮದುವೆಯದು. ಆ ಮಗಳ ಮಗ ಈಗ ಹೈಸ್ಕೂಲು ದಾಟಿದ್ದಾನೆ ಎಂದರೆ ಎಷ್ಟು ಹಳೆಯದೆಂದು ಲೆಕ್ಕ ಹಾಕಿಕೊಳ್ಳಿ. ಆ ಮದುವೆಯ ವಿಡಿಯೊ ತೆಗೆದವನು ಸಾಕ್ಷಾತ್ ನಮ್ಮ ಕಾಕಾನೇ.

ಆ ಮದುವೆಯಲ್ಲಿ ಒಂದು ಜಗಳ ಹುಟ್ಟಿತ್ತು. ನಮ್ಮ ಕಡೆ ಮದುವೆಯಲ್ಲಿ ಬೀಗರಿಗೆ, ಅಕ್ಕತಂಗಿಯರಿಗೆ ಆಯೇರಿ ಮಾಡುತ್ತಾರೆ. ಸುಮ್ಮನೆ ಬಟ್ಟೆ ಕೊಟ್ಟರೆ ಆಗಲಿಲ್ಲ. ಇಂಥ ಊರಿನ ಇಂಥವರಿಗೆ ಎಂದು ಮೈಕಿನಲ್ಲಿ ಹೆಸರು ಕೂಗಬೇಕು, ಅವರು ಮಂದಿಯ ನಡುವಿನಿಂದ ಎದ್ದು ಬರಬೇಕು, ಮಂದಿಯೆಲ್ಲ ನೋಡಬೇಕು. ಸೀರೆಗಿಂತ ಆ ಕೂಗಿಗೇ ತೂಕ ಹೆಚ್ಚು! ಅಮರಪ್ಪನವರ ಅಕ್ಕ ಶರಣಮ್ಮ, ಸಂತೆಕಲ್ಲೂರಿನವರು, ತನ್ನ ಹೆಸರನ್ನು ಕೂಗಲೇ ಇಲ್ಲ, ಅಡುಗೆಯವರ ಹತ್ತಿರ ನಿಂತಿದ್ದಾಗ ತಮ್ಮ ಬಂದು ಸೀರೆಯನ್ನು ಆಳಿಗೆ ಕೊಟ್ಟಂತೆ ಕೈಗಿಟ್ಟು ಹೋದ ಎಂದರು. ಕೂಗಿದೆ ಎಂದು ಅಮರಪ್ಪ. ಕೂಗಲಿಲ್ಲ ಎಂದು ಶರಣಮ್ಮ. ಅಂದಿನಿಂದ ಆಕೆ ತವರಿನ ಹೊಸ್ತಿಲು ತುಳಿದಿಲ್ಲ, ಇವರೂ ಆ ಡಿವಿಡಿಯನ್ನು ಹಾಕಿ ನೋಡಿಲ್ಲ. ಈಗ ಅಮರಪ್ಪನವರ ಮಗನ ಮದುವೆ ಬಂದಿದೆ. ಆರತಿ ಹಿಡಿಯಬೇಕಾದ ಸೋದರತ್ತೆಯೇ ಇಲ್ಲದಿದ್ದರೆ ಹೇಗೆ ಎಂದು ಹೋಗಿ ಕರೆದರೆ, ಆಕೆ ಒಂದೇ ಮಾತು ಹೇಳಿದರಂತೆ: ವಿಡಿಯೊದಲ್ಲಿ ಕೂಗಿದ್ದು ಇದ್ದರೆ ತೋರಿಸು, ಬರುತ್ತೇನೆ.

ಅಮರಪ್ಪ ಬೇರೆಲ್ಲೋ ಅವಸರಕ್ಕೆ ಕಾಪಿ ಮಾಡಿಸಿ ಮೊಬೈಲಿಗೆ ಕಳಿಸಿದರು. ಅಲ್ಲೇ ಕೆಟ್ಟಿತು! ಆ ಕಾಪಿಯಲ್ಲಿ ಅಕ್ಷತೆ ಬೀಳುತ್ತದೆ, ಚಿತ್ರ ಒಮ್ಮೆ ಗಕ್ಕನೆ ನಿಲ್ಲುತ್ತದೆ, ಮರುಗಳಿಗೆ ಮಂದಿ ಊಟಕ್ಕೆ ಕೂತಿರುತ್ತಾರೆ. ನಡುವಿನ ಆಯೇರಿ ಪೂರಾ ಮಾಯ. ಶರಣಮ್ಮ ಅದನ್ನು ನೋಡಿ, ಅಂದು ಮಂದಿಯೊಳಗೆ ನನ್ನ ಬಿಟ್ಟಿದ್ದ, ಇಂದು ವಿಡಿಯೊದೊಳಗೂ ಕತ್ತರಿಸಿ ಹಾಕ್ಯಾನ ಎಂದು ಫೋನು ಇಟ್ಟುಬಿಟ್ಟರಂತೆ.

ಕಾಕಾನ ಮುಖ ನೋಡಬೇಕಿತ್ತು! ನೋಡಿ ಕೊಡದ ಒಂದು ಕಾಪಿ ಒಂದು ತವರನ್ನು ಕೆಡಿಸಿತ್ತು. ನನ್ನತ್ತ ಒಂದು ನೋಟ ಬಿಟ್ಟ, ಅಷ್ಟೇ. ವಾದಕ್ಕಿಳಿದಿದ್ದರೆ ನನಗೆ ಉತ್ತರಿಸಲು ಸುಲಭವಾಗುತ್ತಿತ್ತು.

ಡಿವಿಡಿಯ ಮೇಲೆ ಬಳೆಯಂತೆ ದುಂಡನೆಯ ಒಂದು ಗೀರು. ಕಾಕಾ ಒರೆಸಿ ನಿಧಾನಕ್ಕೆ ಓದಿಸಿದ. ನಾನು ನನ್ನ ಸಂಖ್ಯೆ ತೆಗೆದೆ. ಮತ್ತೆ ಓದಿಸಿದ, ಮತ್ತೆ ತೆಗೆದೆ. ಅದೇ ಡಿವಿಡಿ, ಅದೇ ಕಂಪ್ಯೂಟರು, ಸಂಖ್ಯೆ ಬೇರೆ! ಗೀರಿನ ಹತ್ತಿರ ಬಂದಾಗಲೆಲ್ಲ ಅದು ಒಂದೊಂದು ಸಲ ಒಂದೊಂದು ಥರ ಓದುತ್ತಿತ್ತು. ನಾನು ಸಂಖ್ಯೆ ಹೇಳುವುದು, ಅವನು ಸದ್ದು ಪೂರ್ತಿ ಇಳಿಸಿ, ಎರಡು ಟಿ.ವಿ.ಯಲ್ಲಿ ಚಿತ್ರ ಎಲ್ಲಿ ತಪ್ಪಿತೆಂದು ಹುಡುಕುವುದು, ಮತ್ತೆ ಒರೆಸುವುದು. ನಾವಿಬ್ಬರೂ ಒಂದೇ ಕಡೆ ನಿಂತದ್ದು ಅದೇ ಮೊದಲು. ಬೇರೆ ಬೇರೆ ಡ್ರೈವು ಬದಲಿಸಿ, ಕೊನೆಗೆ ಅಟ್ಟದ ಮೇಲಿನ ಒಂದು ಮುದಿ ಕಂಪ್ಯೂಟರನ್ನು ಇಳಿಸಿದ ಮೇಲೆ ಎರಡು ಸಲದ ಸಂಖ್ಯೆಯೂ ಒಂದೇ ಬಂತು. ಎಲ್ಲಿಯೂ ಚಿತ್ರ ನಿಲ್ಲಲಿಲ್ಲ. ಆಯೇರಿ ಸಿಕ್ಕಿತೆಂದು ಕಂಡದ್ದೇ ಕಾಕಾ ಎರಡೂ ರಿಮೋಟು ಕೆಳಗಿಟ್ಟ. ಯಾರ ಸಲುವಾಗಿ ತೆಗೆದದ್ದೋ ಅವರ ಎದುರಿಗೇ ನೋಡೋಣ ಎಂದು ಶರಣಮ್ಮನವರಿಗೆ ಹೇಳಿಕಳಿಸಿದ.

ಮರುದಿನ ಮಧ್ಯಾಹ್ನ ಶರಣಮ್ಮ ಶೇರ್ ಆಟೊದಲ್ಲಿ ಬಂದಿಳಿದರು. ಅಮರಪ್ಪ ಬಾಗಿಲ ಹತ್ತಿರ, ಆಕೆ ಗೋಡೆಯ ಹತ್ತಿರ, ನಡುವೆ ನಾನು. ತಮ್ಮನ ಮುಖ ನೋಡದೆ, ನನ್ನ ಮೂಲಕವೇ ಮಾತು.

"ಆ ಮನಿಶಾಗ ಹೇಳವಾ, ನಾ ಜಗಳಕ್ಕ ಬಂದಿಲ್ಲ. ನೋಡಾಕ ಬಂದೀನಿ."

ಪಕ್ಕದಲ್ಲೇ ಇದ್ದ ಆ ಮನುಷ್ಯ ತಲೆಯಾಡಿಸಿದ.

ಕಾಕಾ ಒತ್ತಿದ. ಎರಡೂ ಟಿ.ವಿ.ಗಳಲ್ಲಿ ಅಕ್ಷತೆ ಬಿತ್ತು. ಚಿತ್ರ ನಿಲ್ಲಲಿಲ್ಲ. ಆಯೇರಿ ಬಂತು. ಮೈಕು ಹಿಡಿದು, ಕರಿ ಮೀಸೆಯ ಅಮರಪ್ಪ ಬಂದರು. ಬಾಯಿ ತೆರೆದರು. ಕೇಳಿಸಿದ್ದು ಶಹನಾಯಿ!

ಹೌದು, ಶಹನಾಯಿ. ಅಪ್ಪಟ, ಇಂಪಾದ ಶಹನಾಯಿ. ಅಂದಿನ ವಿಡಿಯೊದವರೆಲ್ಲ ಮಾಡುತ್ತಿದ್ದುದೇ ಅದು. ಮಂದಿಯ ಗದ್ದಲವಿದ್ದ ಕಡೆಯೆಲ್ಲ ಮೂಲ ದನಿಯನ್ನು ಅಳಿಸಿ ಸಂಗೀತ ಹಾಕಿಬಿಡುವುದು. ಕಾಕಾ ಹಾಕಿದ್ದ, ಮರೆತಿದ್ದ. ಕಾಪಿ ಅಸಲಿಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಸಲಿನಲ್ಲೇ ದನಿಯಿರಲಿಲ್ಲ! ಎಡಕ್ಕೊಂದು, ಬಲಕ್ಕೊಂದು, ಎರಡು ಟಿ.ವಿ.ಯಿಂದಲೂ ಒಂದೇ ತಾಳಕ್ಕೆ ಶಹನಾಯಿ ಮೊಳಗುತ್ತಿತ್ತು. ಕಾಕಾ ಸದ್ದು ಕಡಿಮೆ ಮಾಡಿದ. ಕಡಿಮೆ ಮಾಡಿದ್ದರಿಂದ ಆಗುವುದೇನು?

ನಾನು ಬಿಡಲಿಲ್ಲ. ತುಟಿ ನೋಡೋಣ, ತುಟಿಯೂ ಸಾಕ್ಷಿಯೇ ಎಂದೆ. ಕಾಕಾ ಹಿಂದಕ್ಕೆ ಓಡಿಸಿ ನಿಧಾನವಾಗಿ ಬಿಟ್ಟ. ಅಮರಪ್ಪನವರ ಎರಡೂ ತುಟಿ ಕೊನೆಗೆ ಸೇರಿ ಬೇರ್ಪಟ್ಟವು. ಹೆಸರು 'ಅಮ್ಮ' ಎಂದೇ ಮುಗಿದಿದೆ ಎಂದು ಸಾಧಿಸಿದೆ.

ಶರಣಮ್ಮ ನನ್ನನ್ನು ಕನಿಕರದಿಂದ ನೋಡಿದರು. "ಈರಮ್ಮ ಇದ್ಲು, ಬಸಮ್ಮ ಇದ್ಲು, ಹುಲಿಗೆಮ್ಮ ಇದ್ಲು. ಆ ಹಂದರದಾಗ ಅಮ್ಮ ಅಲ್ಲದಾಕಿ ಯಾರಿದ್ಲವಾ?"

ಇಷ್ಟು ಚುಟುಕಾಗಿ ನನ್ನ ವಾದವನ್ನು ಯಾವ ಎದುರಾಳಿಯೂ ಮುರಿದಿರಲಿಲ್ಲ!

ಚಿತ್ರ ಓಡುತ್ತಲೇ ಇತ್ತು. ಅದರಲ್ಲಿ ಅಮರಪ್ಪ ಒಂದು ಸೀರೆ ಹಿಡಿದು ನಿಂತಿದ್ದರು. ಯಾರೂ ಎದ್ದು ಬರಲಿಲ್ಲ. ಮತ್ತೆ ಬಾಯಿ ತೆರೆದರು. ಪಕ್ಕದವನು ಮೈಕಿಗೆ ಕೈಹಾಕಿದರೆ ಕೊಡಲಿಲ್ಲ. ಹಂದರದ ಆ ಮೂಲೆ ಈ ಮೂಲೆ ಕಣ್ಣಾಡಿಸಿದರು, ಅಡುಗೆಯ ಕಡೆ ಕತ್ತು ಉದ್ದ ಮಾಡಿದರು. ಆಮೇಲೆ ಆ ಸೀರೆಯನ್ನು ಉಳಿದವುಗಳ ಜೊತೆ ಇಡದೆ ಕಂಕುಳಲ್ಲಿ ಇಟ್ಟುಕೊಂಡು ಮುಂದಿನ ಹೆಸರಿಗೆ ಹೋದರು.

ಶರಣಮ್ಮ ತುಸು ಮುಂದೆ ಬಾಗಿದರು. ಅದು ಈರಮ್ಮನ ಸೀರೆಯೂ ಇರಬಹುದು, ಯಾರಿಗೆ ಗೊತ್ತು? ಕೊನೆಗೆ ಆಕೆ ಕಾಕಾನತ್ತ ತಿರುಗಿದರು.

"ಕ್ಯಾಮೆರಾ ಹಿಡಕೊಂಡು ನೀ ಅಲ್ಲೇ ನಿಂತಿದ್ದೆಪ್ಪಾ. ನೀ ಹೇಳು. ಕರದಿದ್ನಾ?"

ಕಾಕಾ ಕನ್ನಡಕ ತೆಗೆದ. ಎರಡು ಸಲ ನೋಡದೆ ಯಾವುದಕ್ಕೂ 'ಸರಿ ಐತಿ' ಎನ್ನದ ಮನುಷ್ಯ. ಕಾಕಿ ಸಾರಿಗೆ ಉಪ್ಪು ಸರಿಯೇ ಎಂದರೂ ಇನ್ನೊಂದು ಸವಟು ಹಾಕಿಸಿಕೊಂಡು ಆಮೇಲೆ ಹೇಳುವವನು. ತನಗೆ ಗೊತ್ತಿಲ್ಲ, ದನಿ ಇಲ್ಲ, ಇಲ್ಲದ್ದನ್ನು ಹೇಳಲಾರೆ ಎನ್ನುತ್ತಾನೆ ಎಂದು ನಾನು ಪಣ ಕಟ್ಟಲು ತಯಾರಿದ್ದೆ.

"ಕರದಿದ್ರು," ಎಂದ. "ಸಂತೆಕಲ್ಲೂರು ಶರಣಮ್ಮ ಅಂತ ಕರದ್ರು. ನೀವು ಬರ್ಲಿಲ್ಲ ಅಂತ ತಿರುಗಿ ಕರದ್ರು. ಜನರೇಟರ್ ಸಪ್ಪಳದಾಗ ನಿಮಗ ಒಳಗ ಕೇಳ್ಸಿಲ್ಲಬೇ ಅವ್ವಾ."

ಶರಣಮ್ಮ ಮತ್ತೆ ಟಿ.ವಿ.ಯತ್ತ ತಿರುಗಿದರು. ಅಲ್ಲಿ ಕರಿ ಮೀಸೆಯ ತಮ್ಮ ಇನ್ನೂ ಆ ಸೀರೆಯನ್ನು ಕಂಕುಳಲ್ಲಿ ಒತ್ತಿಕೊಂಡೇ ಓಡಾಡುತ್ತಿದ್ದ. ಆಮೇಲೆ ಕತ್ತು ತಿರುಗಿಸಿ ಬಾಗಿಲ ಹತ್ತಿರ ಕೂತವನನ್ನು ನೋಡಿದರು. ನನ್ನನ್ನು ದಾಟಿ, ನೇರವಾಗಿ.

"ಯಾಕೋ ತಮ್ಮಾ, ಮೀಸಿ ಎಲ್ಲಾ ಬೆಳ್ಳಗಾಗ್ಯಾವಲ್ಲೋ."

ಅಮರಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡರು. ಅಕ್ಕ ತಮ್ಮ ಒಂದೇ ಆಟೊದಲ್ಲಿ ಹೋದರು. ಪೆನ್‌ಡ್ರೈವ್ ಮೇಜಿನ ಮೇಲೇ ಉಳಿಯಿತು.

ಅವರು ಹೋದದ್ದೇ ತಡ, ನಾನು ಪಾಟೀಸವಾಲಿಗೆ ಇಳಿದೆ. ಜನರೇಟರ್ ಸಪ್ಪಳದಲ್ಲಿ ಆಕೆಗೆ ಕೇಳಿಸದ್ದು ನಿನಗೆ ಹೇಗೆ ಕೇಳಿಸಿತು? ಅದಾದ ಮೇಲೆ ಎಷ್ಟು ನೂರು ಮದುವೆ ನೋಡಿದ್ದೀಯ, ಆ ಒಂದು ಹೆಸರು ಹೇಗೆ ನೆನಪುಳಿಯಿತು? ಶಹನಾಯಿ ಹಾಕಿದ್ದನ್ನೇ ಮರೆತವನು ಕೂಗಿದ್ದನ್ನು ಮರೆಯಲಿಲ್ಲವೇ?

"ಖರೇ ಹೇಳು ಕಾಕಾ. ನೀ ಕೇಳಿದ್ದೇನು?"

ಕಾಕಾ ಎಡಗಡೆಯ ಟಿ.ವಿ. ಆರಿಸಿದ. ಬಲಗಡೆಯದನ್ನೂ ಆರಿಸಿದ. ಡಿವಿಡಿಯನ್ನು ಹೊರತೆಗೆದು, ಧೋತರದ ತುಂಡಿನಿಂದ ನಡುವಿನಿಂದ ಅಂಚಿಗೆ ಒರೆಸುತ್ತಾ ಕೂತ.

"ಅಂವನ ದನಿ ಅಳಿಸಿ ಹಾಡು ಹಾಕಿದಾಂವ ನಾ," ಎಂದ. "ತಿರುಗಿ ಕೊಡೋದು ಮತ್ತ ಯಾರು ಕೊಡಬೇಕವಾ?"

ನನ್ನ ಪಾಳಿ ಬಂದಿತ್ತು. ನಾನು ಎದ್ದು, ಇಬ್ಬರಿಗೂ ಚಹಾ ಹೇಳಲು ಹೊರಗೆ ಹೋದೆ.